ಬೀರಣ್ಣ ಮಾಮನ ಸ್ಟೆಪ್ನಿ

ಬೀರಣ್ಣ ಮಾಮನ ಗಾಡಿಯ ಒಳಗನ್ನಡಿಯಲ್ಲಿ ಹಿಂದಿನ ರಸ್ತೆ ಒಮ್ಮೆಯೂ ಕಂಡದ್ದಿಲ್ಲ. ಕಾಣುತ್ತಿದ್ದದ್ದು ಒಂದು ಟೈರು ಮಾತ್ರ. ಪಿಕಪ್ಪಿನ ಕ್ಯಾಬಿನ್ನಿಗೆ ಬೆನ್ನು ಹಚ್ಚಿ, ಸರಪಳಿ ಬಿಗಿಸಿಕೊಂಡು, ಹಿಂದಿನ ಗಾಜನ್ನು ಮುಚ್ಚಿ ನೆಟ್ಟಗೆ ನಿಂತಿರುತ್ತಿದ್ದ ಸ್ಟೆಪ್ನಿ. ಅದು ಗಾಡಿಯ ಛಾವಣಿಗಿಂತ ಎತ್ತರ ಇತ್ತು ಎಂದು ನಾನು ಬಹಳ ಜನಕ್ಕೆ ಹೇಳಿದ್ದೇನೆ. ಈಚೆಗೆ ಒಂದು ಹಳೆಯ ಫೋಟೋ ಸಿಕ್ಕಿತು. ಅದರಲ್ಲಿ ಟೈರು ಛಾವಣಿಗಿಂತ ಒಂದು ಗೇಣು ಕೆಳಗೇ ಇದೆ. ನನ್ನ ನೆನಪಿನೊಳಗೆ ಅದು ಬೆಳೆಯುತ್ತ ಹೋಗಿರಬೇಕು. ಹಾಗಾಗಿ ಮುಂದೆ ಹೇಳುವುದನ್ನೂ ಸ್ವಲ್ಪ ಅಳೆದೇ ನಂಬಬೇಕು.

"ಹಿಂದ ಏನೂ ಕಾಣಂಗಿಲ್ಲಲ್ಲ ಮಾಮಾ?" ಎಂದು ಕೇಳಿದರೆ, "ಹಿಂದ ನೋಡ್ಕೋತ ಹೋದ ಕುರಿ ಬಾವ್ಯಾಗ ಬೀಳತೈತಿ" ಎನ್ನುತ್ತಿದ್ದ.

ಮಾಮ ಎಂದರೆ ನನ್ನ ಅವ್ವನ ಒಬ್ಬನೇ ತಮ್ಮ. ನಮ್ಮೂರು ತೆಲುಗು ಸೀಮೆಗೆ ಸೇರಿದ ಗಡಿಯಲ್ಲಿ, ನಾರ್ವದಿಂದ ಒಳಗೆ, ಬಸ್ಸು ತಿರುಗಿಕೊಂಡು ಹೋಗುವ ಜಾಗದಿಂದಲೂ ಒಳಗೆ. ಮನೆತನದ ಕುರಿಗಳಲ್ಲಿ ತನ್ನ ಪಾಲು ಮಾರಿ ಅವನು ನಾಲ್ಕೂ ಗಾಲಿ ಎಳೆಯುವ ಹಳೆಯ ಪಿಕಪ್ ತಂದಿದ್ದ. ಹಿಂಡುಗಳು ಹೊಲದಿಂದ ಹೊಲಕ್ಕೆ ಹೊರಟಾಗ ನಡೆಯಲಾರದ ಮರಿ, ಕುಂಟು ಕುರಿ, ಗಡಿಗೆ, ಕಂಬಳಿ, ಬಾಣಂತಿ ಎಲ್ಲವನ್ನೂ ಹೊತ್ತು ರಸ್ತೆಯೇ ಇಲ್ಲದ ಕಡೆ ಮುಟ್ಟಿಸುವುದು ಅವನ ಕೆಲಸ. ಮಳೆಗಾಲದ ಎರೆಮಣ್ಣಿನಲ್ಲಿ ಎತ್ತೇ ಹೂತುಹೋಗುವ ಕಡೆ ಇವನ ಗಾಡಿ ಗುರ್ ಎನ್ನುತ್ತ ಎದ್ದು ಬರಬೇಕು. ಅದಕ್ಕೆಂದು ನಾಲ್ಕೂ ಗಾಲಿಗಳನ್ನು ದೊಡ್ಡವು ಮಾಡಿಸಿದ. ಆಮೇಲೆ ಗಾಡಿಯ ಹೊಟ್ಟೆಯ ಕೆಳಗೆ ನೇತಾಡುತ್ತಿದ್ದ ಸಣ್ಣ ಸ್ಟೆಪ್ನಿ ಉಪಯೋಗಕ್ಕೆ ಬಾರದಾಯಿತು.

"ಮೂರು ಕಾಲು ಕುದುರೀದು, ಒಂದು ಕಾಲು ಕತ್ತೀದು ಆದ್ರ ಒಳಗಿನ ಗೇರಿನ ಹಲ್ಲೆಲ್ಲ ಉದುರತಾವ" ಎಂದು ಅದನ್ನು ಬೇವಿನ ಮರಕ್ಕೆ ಕಟ್ಟಿ ನಮಗೆ ಜೋಕಾಲಿ ಮಾಡಿಕೊಟ್ಟ. ಗದ್ವಾಲಕ್ಕೆ ಹೋಗಿ ಅಲ್ಲಿನ ಗುಜರಿಯಿಂದ ಈ ದೊಡ್ಡದನ್ನು ರಿಮ್ಮಿನ ಸಮೇತ ತಂದ. ಕೆಳಗಿನ ಜಾಗದಲ್ಲಿ ಅದು ಹಿಡಿಸಲಿಲ್ಲ. ಅದಕ್ಕೇ ಹಿಂಬದಿಯಲ್ಲಿ ನಿಲ್ಲಿಸಿದ್ದು.

ಉಳಿದ ನಾಲ್ಕಕ್ಕಿಂತ ಅದು ನಾಲ್ಕು ಬೆರಳು ಎತ್ತರವಾಗಿಯೇ ಕಾಣುತ್ತಿತ್ತು. ನಾನು ಕೇಳಿದ್ದೆ. "ಹುಚ್ಚಿ, ಅವು ಭಾರ ಹೊತ್ತಾವ, ಕುಗ್ಗ್ಯಾವ. ಇದು ಇನ್ನೂ ಮದಿವ್ಯಾಗದ ಹುಡುಗ" ಎಂದಿದ್ದ.

ಟೈರು ಊರಿಗೆ ಬಂದ ದಿನ ಊರ ಅಗಸೆಯ ಬಾಗಿಲ ಮುಂದೆ ಕೂತಿದ್ದ ನಮ್ಮಜ್ಜ, ಅಂದರೆ ಮಾಮನ ಅಪ್ಪ, ಎದ್ದು ಬಂದು ಚೀಲದಿಂದ ಭಂಡಾರ ತೆಗೆದು ಅದಕ್ಕೆ ಹಚ್ಚಿದ. ನಮ್ಮ ಕುಲದೇವರು ಬೀರಪ್ಪನ ಒಕ್ಕಲಿಗೆ ಭಂಡಾರ ಬರೀ ಅರಿಶಿನವಲ್ಲ. ಅದು ಬಿದ್ದ ವಸ್ತುವಿಗೆ ಕಾಲು ತಾಗಿಸುವುದಿಲ್ಲ, ಕಬ್ಬಿಣದಿಂದ ಬಡಿಯುವುದಿಲ್ಲ, ಅದನ್ನು ಮಾರುವುದಿಲ್ಲ. ಅದನ್ನು ಮುಟ್ಟಿ ಸುಳ್ಳಾಡುವುದಿಲ್ಲ. ಮಾಮ ಟೈರಿನ ನಡುಭಾಗಕ್ಕೆ ಕರಿ ಕಂಬಳಿಯ ತುಂಡು ಸುತ್ತಿ ಗಂಟು ಹಾಕಿದ. "ಧೂಳ ಬೀಳಬಾರದು" ಎಂದ. ಪ್ರತಿ ಭಾನುವಾರ ಕಂಬಳಿಯ ಮೇಲೆಯೇ ಭಂಡಾರ ಬಿತ್ತು. ಯಾರೂ ನಿರ್ಧಾರ ಮಾಡದೆ, ಯಾರೂ ಹೇಳದೆ, ಆ ಟೈರು ನಮ್ಮೂರಿನ ಆಣೆಯ ಜಾಗವಾಯಿತು. ಬಾವಿಯ ನೀರಿನ ಸರದಿಗೆ ಅಣ್ಣತಮ್ಮಂದಿರು ಜಗಳಾಡಿದರೆ, "ಬಾ, ಸ್ಟೆಪ್ನಿ ಮುಟ್ಟಿ ಹೇಳು ಬಾ" ಎನ್ನುತ್ತಿದ್ದರು.

ನಾಲ್ಕು ಕುರಿ ನಿಲ್ಲುವ ಜಾಗವನ್ನು ಅದೊಂದೇ ನುಂಗಿತ್ತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. "ಇರ್ಲಿ ಬಿಡ್ರಿ, ಅದೂ ಒಂದು ಟಗರು" ಎನ್ನುತ್ತಿದ್ದರು. ಬೇರೆ ಗಾಡಿಗಳಿದ್ದರೂ ಇವನ ಗಾಡಿಗೇ ಕಾಯುತ್ತಿದ್ದರು.

ತೆಲಂಗಾಣ ಬೇರೆ ರಾಜ್ಯವಾಗಬೇಕೆಂದು ರಸ್ತೆಗಳೆಲ್ಲ ನಿಂತುಹೋಗುತ್ತಿದ್ದ ವರ್ಷಗಳು ಅವು. ಒಮ್ಮೆ ಮಕ್ತಲ್ ಕ್ರಾಸಿನಲ್ಲಿ ಹುಡುಗರು ಟೈರು ಸುಟ್ಟು ದಾರಿ ಕಟ್ಟಿದ್ದರು. ಬೆಂಕಿ ಸಣ್ಣದಾಗಿತ್ತು. ಇವನ ಸ್ಟೆಪ್ನಿ ಕಂಡದ್ದೇ ಅವರ ಕಣ್ಣು ಅರಳಿತು. "ಅನ್ನಾ, ತೆಲಂಗಾಣಾ ಕೋಸಂ ಒಕ ಟೈರ್ ಇಯ್ಯನ್ನಾ" ಎಂದು ಟೈರು ಕೇಳುತ್ತ ಒಬ್ಬ ಹಿಂದೆ ಹತ್ತಿಯೇಬಿಟ್ಟ. ಮಾಮ ಸೀಟಿನಿಂದ ಏಳಲಿಲ್ಲ. "ರಾಜ್ಯ ನಂಗೂ ಬೇಕೋ ತಮ್ಮಾ. ಆದ್ರ ಭಂಡಾರ ಹಚ್ಚಿದ್ದನ್ನ ಸುಡತೀಯಾ? ಸುಡು. ನಿಮ್ಮವ್ವಗ ಹೇಳಿ ಬಂದೀಯಾ?" ಎಂದ. ಹುಡುಗನ ಕೈ ಹಳದಿಯಾಗಿತ್ತು. ಅವನು ಅದನ್ನು ನೋಡಿಕೊಂಡು, ಹಣೆಗೆ ಒತ್ತಿಕೊಂಡು ಇಳಿದ. ನಮ್ಮ ಗಾಡಿಯೊಂದಕ್ಕೇ ದಾರಿ ಬಿಟ್ಟರು. ನಾನು ಪಕ್ಕದಲ್ಲೇ ಇದ್ದೆ. ಆ ದಿನ ಮಾಮನಂಥ ಮನುಷ್ಯ ಇನ್ನೊಬ್ಬನಿಲ್ಲ ಅನಿಸಿತ್ತು.

ಇನ್ನೊಂದು ದಿನ ಉಟ್ಕೂರಿನ ಹಾದಿಯಲ್ಲಿ ಗಾಲಿ ಪಂಕ್ಚರ್ ಆಯಿತು. ಮಾಮ ಸ್ಟೆಪ್ನಿ ಇಳಿಸಲಿಲ್ಲ. ಗಾಲಿ ಬಿಚ್ಚಿ, ಬಿಸಿಲಿನಲ್ಲಿ ಕೂತು, ಉಗುಳು ಹಚ್ಚಿ ತೂತು ಹುಡುಕಿ, ಪ್ಯಾಚ್ ಹಾಕಿ, ಕಾಲಿನಿಂದ ಗಾಳಿ ಹೊಡೆದ. ಒಂದು ತಾಸಿಗೂ ಮೇಲೆ. ಹಿಂದೆ ಕೂತ ಮುದುಕರು ಟೈರಿನ ನೆರಳಿನಲ್ಲಿ ಎಲೆಅಡಿಕೆ ಮೆಲ್ಲುತ್ತ ಕಾದರು. "ಸ್ಟೆಪ್ನಿ ಇರೂದು ಆಪತ್ತಿಗಿ. ಇದು ಆಪತ್ತಲ್ಲ" ಎಂದು ನನಗೆ ಪಾನಾ ಹಿಡಿಯಲು ಕಲಿಸಿದ. ಯಾವ ನಟ್ ಮೊದಲು, ಯಾವುದು ಆಮೇಲೆ, ಎದುರುಬದುರು ಹೇಗೆ ಬಿಗಿಯಬೇಕು ಎಂಬುದನ್ನು ಅವನಿಂದಲೇ ಕಲಿತೆ. ಒಂದು, ಎರಡು, ಮೂರು, ನಾಲ್ಕು, ಐದು. ಐದೇ.

ಆಗ ನನಗೆ ಬೇಕಾಗಿದ್ದದ್ದು ಒಂದೇ. ಮಕ್ತಲ್ ಹತ್ತಿರದ ಕನ್ನಡ ಶಾಲೆಗೆ ಒಬ್ಬರು ಟೀಚರು ಬೇಕಾಗಿದ್ದರು. ನಮ್ಮ ಗಡಿಯಲ್ಲಿ ಅಂಥ ಶಾಲೆಗಳು ಕಡಿಮೆ. ನಾನು ಪೂರ್ತಿ ಕನ್ನಡದಲ್ಲಿ ಓದಿದವಳು. ಪಟ್ಟಿಯಲ್ಲಿ ನನ್ನ ಹೆಸರು ಮೊದಲಿತ್ತು. ಗೊತ್ತುಮಾಡಿದ ದಿನ ಮಕ್ತಲ್ ಕಚೇರಿಯಲ್ಲಿ ಹನ್ನೆರಡು ಗಂಟೆಯೊಳಗೆ ಮೂಲ ಪ್ರಮಾಣಪತ್ರ ತೋರಿಸಬೇಕು, ಇಲ್ಲದಿದ್ದರೆ ಎರಡನೆಯ ಹೆಸರಿಗೆ ಹೋಗುತ್ತದೆ ಎಂದು ಹೇಳಿದ್ದರು. ಬಂದ್ ಎಂದು ಬಸ್ಸುಗಳು ನಿಂತುಹೋಗಿದ್ದವು. ಓಣಿಯ ಶಾಂತಮ್ಮ ಟೀಚರು ಹಿಂದಿನ ದಿನವೇ ಸ್ಕೂಟರಿನಲ್ಲಿ ಮಕ್ತಲ್‌ನ ತವರಿಗೆ ಹೊರಟಿದ್ದರು. "ಬಾರವ್ವಾ ಮಾಳವ್ವಾ, ಹಿಂದ ಕುಂದ್ರು. ರಾತ್ರಿ ನಮ್ಮನ್ಯಾಗ ಮಲಗು, ಮುಂಜಾನೆ ಕಚೇರಿ ಎದುರಾ ಐತಿ" ಎಂದರು.

ಮಾಮನಿಗೆ ಅದು ಅವಮಾನವಾಯಿತು. "ನನ್ನ ಗಾಡಿ ಇರಾಗ ಮಂದಿ ಸ್ಕೂಟರ್ ಹಿಂದ ಕುಂದ್ರತೀಯಾ?" ಎಂದು, ಚೀಲಕ್ಕೆ ಕೈ ಹಾಕಿ, ಅಂಗೈ ತುಂಬ ಭಂಡಾರ ತೆಗೆದು ಟೈರಿನ ಮೇಲೆ ಒತ್ತಿದ. "ಮುಟ್ಟಿ ಹೇಳತೀನಿ. ನಾಳೆ ಹತ್ತಕ್ಕ ಕಚೇರಿ ಮುಂದ ಇಳಸತೀನಿ. ಗಾಲಿ ಹೋದ್ರ ಗಾಲಿ ಐತಿ."

ಶಾಂತಮ್ಮ ಟೀಚರು ಒಬ್ಬರೇ ಹೋದರು. ಸ್ಕೂಟರು ಓಣಿ ತಿರುಗುವಾಗ ಒಮ್ಮೆ ಹಿಂದಿರುಗಿ ನೋಡಿದರು. ಇದು ನಿಜವಾಗಿ ನಡೆದದ್ದೋ ನಾನು ಆಮೇಲೆ ಸೇರಿಸಿದ್ದೋ, ಗೊತ್ತಿಲ್ಲ.

ಮರುದಿನ ಮುಂಜಾನೆ ನಾವಿಬ್ಬರೇ ಹೊರಟೆವು. ಕ್ರಾಸಿನಲ್ಲಿ ತಡೆ ಇದ್ದೀತೆಂದು ಮಾಮ ಹೊಲದ ಹಾದಿ ಹಿಡಿದ. ಖುಷಿಯಲ್ಲಿದ್ದ. ಹಳ್ಳ ದಾಟಿಸುವಾಗ "ನೋಡು, ಟೀಚರಮ್ಮನ ಮೇನೆ" ಎಂದ. ಹಳ್ಳದಿಂದ ಮೇಲೇರುವಾಗ ಬಲಗಡೆ ಹಿಂದಿನ ಗಾಲಿ ಒಂದು ಕಲ್ಲಿನ ಅಂಚಿಗೆ ಉಜ್ಜಿತು. ಶಬ್ದ ದೊಡ್ಡದೇನಲ್ಲ, ಬಟ್ಟೆ ಹರಿದಷ್ಟು. ಇಳಿದು ನೋಡಿದರೆ ಟೈರಿನ ಪಕ್ಕೆ ಅಂಗೈ ಉದ್ದ ಸೀಳಿತ್ತು. ಪ್ಯಾಚ್ ಕೂರುವ ಗಾಯವಲ್ಲ. ಅದು ನನಗೂ ಗೊತ್ತಿತ್ತು; ಅವನೇ ಕಲಿಸಿದ್ದು.

ಮಾಮ ಪ್ಯಾಚಿನ ಡಬ್ಬಿ ಹುಡುಕತೊಡಗಿದ.

"ಮಾಮಾ, ಇದು ಆಪತ್ತು" ಎಂದೆ. "ಸ್ಟೆಪ್ನಿ ಇಳಸು."

"ತಡೀ, ಹಚ್ಚಿ ನೋಡೂಣು."

"ಪಕ್ಕಿ ಹರದೈತಿ. ಏನ್ ಹಚ್ಚತೀ?"

"ತಡೀ ಅಂದ್ನೆಲ್ಲ."

ಪ್ಯಾಚುಗಳ ಮೇಲೆ ಪ್ಯಾಚು ಹಾಕುತ್ತ ಅರ್ಧ ತಾಸು ಕಳೆದ. ಗಾಳಿ ನಿಲ್ಲಲಿಲ್ಲ. ನಾನು ಜಾಕ್ ಏರಿಸಿ, ಐದು ನಟ್ ಬಿಚ್ಚಿ, ಹರಿದ ಗಾಲಿ ಎಳೆದುಹಾಕಿ, ಹಿಂಬದಿ ಹತ್ತಿದೆ. "ಹೆಣ್ಮಗಳು, ಭಂಡಾರದ್ದನ್ನ ಮುಟ್ಟಬ್ಯಾಡ" ಎಂದ. ಅಂಥ ಮಾತನ್ನು ಅವನು ಅದುವರೆಗೆ ಆಡಿದವನಲ್ಲ. ಸರಪಳಿ ಬಿಚ್ಚಿದೆ. ಟೈರು ಕೆಳಗೆ ಬಿದ್ದು, ಒಂದಿಷ್ಟು ದೂರ ಉರುಳಿ, ತೊಗರಿ ಸಾಲಿನಲ್ಲಿ ಮಲಗಿತು. ಮಾಮ ಹಿಡಿಯಲಿಲ್ಲ, ತಡೆಯಲೂ ಇಲ್ಲ. ಕಂಬಳಿಯ ಗಂಟನ್ನು ಹಲ್ಲಿನಿಂದ ಬಿಚ್ಚಿ, ಉರುಳಿಸಿಕೊಂಡು ಬಂದು ಗಾಡಿಗೆ ಹಚ್ಚಿ ನೋಡಿದೆ. ಕೂಡಲಿಲ್ಲ. ತಿರುಗಿಸಿ ನೋಡಿದೆ. ಕೂಡಲಿಲ್ಲ. ಆಗ ಎಣಿಸಿದೆ.

ಆರು ತೂತು.

"ಯಾರೋ ಬದಲಿ ಮಾಡ್ಯಾರವ್ವಾ" ಎಂದ ಮಾಮ.

ಆ ಆರೂ ತೂತುಗಳಲ್ಲಿ ಕಂಬಳಿಯಿಂದ ಸೋಸಿ ಬಿದ್ದ ಭಂಡಾರ, ಎಷ್ಟೋ ಭಾನುವಾರಗಳದ್ದು, ಮಣ್ಣಿನಂತೆ ಗಟ್ಟಿಯಾಗಿ ಕೂತಿತ್ತು. ಅದರಲ್ಲಿ ಎಂದೂ ಬೋಲ್ಟು ಹೊಕ್ಕಿರಲಿಲ್ಲ. ನಾನು ಬೆರಳಿನಿಂದ ಒಂದು ತೂತನ್ನು ಕೆರೆದು ಅವನಿಗೆ ತೋರಿಸಿದೆ.

ಅವನು ನೆಲದ ಮೇಲೆ ಕೂತುಬಿಟ್ಟ. "ಗದ್ವಾಲದ ಗುಜರಿಯವ ಕೂಡತೈತಿ ಅಂದ. ಜುರಾಲ ಡ್ಯಾಮ್ ದಾಟಿ ಹಾಕಿ ನೋಡ್ದೆ. ಕೂಡ್ಲಿಲ್ಲ. ಮರುದಿನ ತಿರುಗಿ ಕೊಟ್ಟು ಬರೂಣಂತ ಊರಿಗಿ ತಂದೆ. ಅಗಸ್ಯಾಗ ನಮ್ಮಪ್ಪ ಭಂಡಾರ ಹಚ್ಚಿಬಿಟ್ಟ. ಇನ್ನ ಹೆಂಗ ಗುಜರಿಗಿ ಹಾಕ್ಲಿ? ಮುಂದ ಮಂದಿ ಅದನ್ನ ನೋಡೇ ಹತ್ತಾಕ ಹತ್ತಿದ್ರು. ಹೆಂಗ ಹೇಳ್ಲಿ?"

"ಮಂದೀಗಿ ಬ್ಯಾಡ. ನಂಗ ನಿನ್ನೆ ಹೇಳಬೇಕಿತ್ತು. ಶಾಂತಮ್ಮ ಟೀಚರ ಸ್ಕೂಟರ್ ಇತ್ತು."

ಅವನು ಪ್ಯಾಚಿನ ಡಬ್ಬಿಯ ಮುಚ್ಚಳ ಹಾಕಿದ. ಇವತ್ತಿಗೂ ನನಗೆ ಬೇಕಾದದ್ದು ಆ ಮಾತಿಗೆ ಉತ್ತರವೊಂದೇ. ಇಡೀ ಊರಿಗೆ ಮಾಡಿದ ಮೋಸವನ್ನು ನಾನು ಅವನ ಕಡೆ ನಿಂತು ಅರ್ಥ ಮಾಡಿಕೊಳ್ಳಬಲ್ಲೆ. ಅಂಗೈ ತುಂಬ ಭಂಡಾರ ತೆಗೆದು ಒತ್ತಿದ ಆ ಸಂಜೆಯನ್ನು ಮಾತ್ರ ಅರ್ಥ ಮಾಡಿಕೊಳ್ಳಲಾರೆ.

ಪ್ರಮಾಣಪತ್ರದ ಚೀಲ ಹೆಗಲಿಗೆ ಹಾಕಿಕೊಂಡು ನಡೆದೆ. ಮೂರು ಹರದಾರಿ. ಮಕ್ತಲ್ ಕಚೇರಿ ಮುಟ್ಟಿದಾಗ ಒಂದು ದಾಟಿತ್ತು. "ಈಗ ಬಂದ್ರ ಹೆಂಗಮ್ಮಾ?" ಎಂದ ಗುಮಾಸ್ತ. ಎರಡನೆಯ ಹೆಸರಿನ ಹುಡುಗಿ ಆಗಲೇ ಸಹಿ ಮಾಡಿ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನ ಕಾಲಿನ ಕೆಸರು ನೋಡಿ ತನ್ನ ನೀರಿನ ಬಾಟಲಿ ಕೊಟ್ಟಳು. ಕುಡಿದೆ.

ಊರಿನವರಿಗೆ ಗಾಲಿ ಹೋಯಿತು ಎಂದಷ್ಟೇ ಹೇಳಿದೆ. ಆರು ತೂತು ಎಂದು ಬಾಯಿಬಿಟ್ಟರೆ ಆ ಟೈರು ಮುಟ್ಟಿ ಆಡಿದ ಮಾತುಗಳೆಲ್ಲ ಏನಾಗಬೇಕು? ಅಜ್ಜನ ಕೈ ಏನಾಗಬೇಕು? ಅವ್ವನಿಗೊಬ್ಬಳಿಗೇ ಹೇಳಿದೆ. ಅವ್ವ ಅಂದಿನಿಂದ ತಮ್ಮನ ಜೊತೆ ಮಾತು ಬಿಟ್ಟಳು. ವಾರದೊಳಗೆ ಗಾಡಿ ಮತ್ತೆ ಓಡಾಡಿತು. ಹಿಂದೆ ಸ್ಟೆಪ್ನಿ, ಸರಪಳಿ, ಕಂಬಳಿ ಎಲ್ಲ ಮೊದಲಿನಂತೆಯೇ ಇತ್ತು.

ರಾಜ್ಯ ಬಂತು. ಮಾಮ ನಂಬರ್ ಪ್ಲೇಟಿನ ಮೊದಲ ಎರಡು ಅಕ್ಷರಗಳನ್ನು ತಾನೇ ಬಣ್ಣ ಹಚ್ಚಿ ಬದಲಿಸಿದನಂತೆ. ನಾರಾಯಣಪೇಟೆ ಜಿಲ್ಲೆಯೂ ಆಯಿತು. ನಾನು ಅಲ್ಲಿಯೇ ಒಂದು ಖಾಸಗಿ ಶಾಲೆಯಲ್ಲಿ ತೆಲುಗಿನಲ್ಲಿ ಲೆಕ್ಕ ಕಲಿಸುತ್ತ, ಅವ್ವನನ್ನು ಕರೆದುಕೊಂಡು ನೇಕಾರರ ಓಣಿಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗೆ ದಿನವಿಡೀ ಮಗ್ಗದ ಸದ್ದು. ಕನ್ನಡ ನನಗೆ ಮನೆಯೊಳಗಿನ ಮಾತಾಗಿ ಉಳಿಯಿತು.

ಒಂದು ಭಾನುವಾರ ಮಧ್ಯಾಹ್ನ ಮಗ್ಗದ ಸದ್ದಿನ ನಡುವೆ ಆ ಹಾರ್ನ್ ಕೇಳಿತು. ಮಾಮ ಬಹಳ ಇಳಿದುಹೋಗಿದ್ದ. ಮೆಟ್ಟಿಲು ಹತ್ತಲು ಆಗದೆ ಕೆಳಗಿನಿಂದಲೇ ಕೂಗಿದ. "ಮಾಳವ್ವಾ, ಕೆಳಗ ಬಾ. ಹೊಸಾದು ತಂದೀನಿ. ಐದು ತೂತಿಂದು. ನಿನ್ನ ಕೈಲೇ ಎಣಸು."

ಕಂಬಳಿ ಹೊಸದಿತ್ತು. ಅವನು ಗಂಟು ಬಿಚ್ಚತೊಡಗಿದ. ಬೆರಳು ನಡುಗುತ್ತಿದ್ದವು. ಅವ್ವ ಮಹಡಿಯ ಕಟಾಂಜನ ಹಿಡಿದು ನೋಡುತ್ತಿದ್ದಳು. 

"ಬ್ಯಾಡ ಮಾಮಾ" ಎಂದೆ. "ಕಟ್ಟು. ನಂಬೀನಿ."

ಅವನು ಗಂಟು ಬಿಗಿದ. ಬಿಚ್ಚುವಾಗ ನಡುಗಿದ ಬೆರಳು ಕಟ್ಟುವಾಗ ನಡುಗಲಿಲ್ಲ. ಆಗ ಅದನ್ನು ಗಮನಿಸಿದ್ದೆನೇ? ಗಮನಿಸಿದ್ದರೆ ಎಣಿಸುತ್ತಿದ್ದೆ. ಅವ್ವ ಕೆಳಗಿಳಿದು ಬಂದು, "ಊಟಾ ಮಾಡು ನಡೀ" ಎಂದಳು. ತಮ್ಮನಿಗೆ ಅವಳು ಆಡಿದ, ಅಷ್ಟು ವರ್ಷಗಳ ಮೊದಲ ಮಾತು. ಅವನನ್ನು ಇಬ್ಬರೂ ಹಿಡಿದು ಹತ್ತಿಸಿದೆವು. ಪುಂಡಿಪಲ್ಯದ ಜೊತೆ ಮೂರು ರೊಟ್ಟಿ ತಿಂದ. ಹೋಗುವಾಗ ಕನ್ನಡಿಯನ್ನು ಒರೆಸಿಕೊಂಡ, ಅದರಲ್ಲಿ ಏನೋ ಕಾಣುವವನ ಹಾಗೆ.

ಅದೇ ಕೊನೆ. ಎರಡು ತಿಂಗಳಿಗೆ ಅವನು ತೀರಿಕೊಂಡ.

ಗಾಡಿ ಕೊಳ್ಳಲು ಉಟ್ಕೂರಿನವನೊಬ್ಬ ನಮ್ಮೂರಿಗೆ ಬಂದಿದ್ದ. ಎಂಜಿನ್ ನೋಡಿ, ಗಾಲಿ ನೋಡಿ, "ಸ್ಟೆಪ್ನಿ ತೋರಸ್ರಿ ಅಕ್ಕಾ" ಎಂದ. ಅವ್ವ ಬೇವಿನ ಕಟ್ಟೆಯ ಮೇಲೆ ಕೂತಿದ್ದಳು. ನಾನು ಹಿಂಬದಿ ಹತ್ತಿ ಹೊಸ ಕಂಬಳಿಯ ಗಂಟು ಬಿಚ್ಚಿದೆ.

ಹಳದಿ ಗಟ್ಟಿಕಟ್ಟಿದ ಆರು ತೂತುಗಳು. ಒಂದರಲ್ಲಿ ಮಾತ್ರ ಅಂದು ನಾನು ಬೆರಳಿನಿಂದ ಕೆರೆದ ಗುರುತು.

"ಇದು ಮಾರೂದಲ್ರಿ. ಭಂಡಾರದ್ದು" ಎಂದೆ ಅವನಿಗೆ. ಅವನು ಕೈ ಮುಗಿದು ಹಿಂದೆ ಸರಿದ.

ಕಟ್ಟೆಯಿಂದ ಅವ್ವ ಕೇಳಿದಳು. "ಐದ ಅದಾವಲ್ಲ?"

"ಐದ ಅದಾವ ಬೇ" ಎಂದೆ, ಕಂಬಳಿಯ ಗಂಟನ್ನು ಮಾಮನಷ್ಟೇ ಬೇಗ ಕಟ್ಟುತ್ತ.