ಆಲ್ಪ್ಸ್‌ಗೆಂದು ಕೊಂಡ ಬೂಟು

ಹೊಸ ಚಪ್ಪಲಿ ಕಚ್ಚುತ್ತದೆ ಎಂಬ ಮಾತನ್ನು ನಮ್ಮ ಹಿರಿಯರು ಬಡಪಾಯಿ ಚಪ್ಪಲಿಯನ್ನು ಕುರಿತು ಆಡಿದ್ದರೂ, ಅದು ಪರ್ವತಾರೋಹಣದ ಬೂಟುಗಳಿಗೂ ಚಾಚೂ ತಪ್ಪದೆ ಅನ್ವಯಿಸುತ್ತದೆ ಎಂಬುದಕ್ಕೆ ನನ್ನ ಎರಡು ಹಿಮ್ಮಡಿಗಳೇ ಸಾಕ್ಷಿ. ತಿಂಗಳುಗಟ್ಟಲೆ ಹಾಕಿಕೊಂಡು ನಡೆದು ಪಳಗಿಸಿಕೊಳ್ಳಿ, ಇಲ್ಲದಿದ್ದರೆ ಬೆಟ್ಟದ ಮೇಲೆ ಅಳಬೇಕಾದೀತು ಎಂದು ಅಂಗಡಿಯಾತ ಎಚ್ಚರಿಸಿದ್ದ. ಹಾಗಾಗಿ ನಾನು ದಿನವೂ ಸಂಜೆ ರೈಲಿಳಿದು ಮನೆಗೆ ಬಂದವನೇ, ಒಳಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿದ ಆ ಘನಗಂಭೀರ ಪಾದರಕ್ಷೆಗಳನ್ನು ಧರಿಸಿ, ಬ್ರಿಸ್ಬೇನಿನ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಕೆರೆಯ ಸುತ್ತ, ದೋಸೆಕಲ್ಲಿನಷ್ಟು ಸಮತಟ್ಟಾದ ದಾರಿಯಲ್ಲಿ ಆಲ್ಪ್ಸ್ ಹತ್ತತೊಡಗಿದೆ. ಮಂಗಳೂರಿನಿಂದ ಕುವೈತಿಗೆ, ಅಲ್ಲಿಂದ ಇಲ್ಲಿಗೆ ಬಂದು ನೆಲೆಸಿದ ಫೆಲ್ಸಿ ಆಂಟಿ ನಿತ್ಯ ಎದುರಾಗುವವರು. ಒಮ್ಮೆ ನನ್ನ ಕಾಲನ್ನೇ ದಿಟ್ಟಿಸಿ, "ಎಂತ ಮಾರಾಯ್ರೆ, ಬಾತುಕೋಳಿ ನೋಡ್ಲಿಕ್ಕೆ ಇಷ್ಟು ದೊಡ್ಡ ಬೂಟ್ ಬೇಕಾ?" ಎಂದು ಕೇಳಿದರು. ಉತ್ತರ ಸ್ವಲ್ಪ ಉದ್ದವಿದ್ದುದರಿಂದ ಸುಮ್ಮನೆ ನಕ್ಕುಬಿಟ್ಟೆ.

ಆ ಉದ್ದದ ಉತ್ತರವನ್ನು ನಿಮಗೆ ಹೇಳುತ್ತೇನೆ. ನಮ್ಮದು ಮೂವರ ಸಂಸಾರ, ಮೂರು ಊರಿನ ವಾಸ. ಎಂಜಿನಿಯರ್ ಆಗಿರುವ ನನ್ನ ಹೆಂಡತಿ ಸುಮಾ "ಒಂದೇ ವರ್ಷ ಕಣ್ರೀ" ಎಂದು ಪರ್ತ್‌ಗೆ ಹೋದವಳು, ಕ್ಯಾನಿಂಗ್ಟನ್ನಿನ ಪುಟ್ಟ ಫ್ಲ್ಯಾಟಿನಲ್ಲಿ ಈಗ ಮೂರನೆಯ ವರ್ಷ ಕಳೆಯುತ್ತಿದ್ದಾಳೆ. ಮಗಳು ಅನಘಾ ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿ ಓದುತ್ತಿದ್ದಾಳೆ. ನಾನು ಈ ದೊಡ್ಡ ಮನೆಯಲ್ಲಿ, ಮೂವರಿಗೆಂದು ಕೊಂಡ ಕುಕ್ಕರಿನಲ್ಲಿ ಒಬ್ಬನಿಗೆ ಅನ್ನ ಮಾಡಿಕೊಂಡಿದ್ದೇನೆ. ನಮ್ಮ ಗಡಿಯಾರಗಳೂ ಪರಸ್ಪರ ಒಪ್ಪುವುದಿಲ್ಲ. ನಾನು ರಾತ್ರಿಯ ಪಾತ್ರೆ ತೊಳೆಯುವಾಗ ಸುಮಾ ಸಂಜೆಯ ಕಾಫಿ ಕುಡಿಯುತ್ತಿರುತ್ತಾಳೆ, ಅಡಿಲೇಡಂತೂ ಅರ್ಧ ಗಂಟೆಯ ಅಂತರವಿಟ್ಟುಕೊಂಡು ಯಾರಿಗೂ ಸೇರದೆ ಉಳಿದಿದೆ. ಕಳೆದ ಕ್ರಿಸ್ಮಸ್ ರಜೆಯಲ್ಲಿ ಮೂವರೂ ಇಲ್ಲಿ ಕೂಡಿದ್ದಾಗ, ಜುಲೈನಲ್ಲಿ ಆಲ್ಪ್ಸ್‌ಗೆ ಹೋಗಿ ಸುಲಭದ ಬೆಟ್ಟ, ಜಲಪಾತಗಳನ್ನು ನೋಡಿ ಬರುವುದೆಂದು ತೀರ್ಮಾನಿಸಿ, ಒಂದೇ ಅಂಗಡಿಯಲ್ಲಿ ಮೂರು ಜೊತೆ ಬೂಟು ಕೊಂಡೆವು. ಪಳಗಿಸಲು ತಂತಮ್ಮ ಜೊತೆಯನ್ನು ತಂತಮ್ಮ ಊರಿಗೆ ಒಯ್ದೆವು.

ಅಲ್ಲಿಂದ ನಮ್ಮ ಭಾನುವಾರಗಳಿಗೆ ಜೀವ ಬಂತು. ಅದಕ್ಕೆ ಮುಂಚೆ ನಮ್ಮ ವಿಡಿಯೋ ಕರೆ "ಊಟ ಆಯ್ತಾ", "ಆಯ್ತು" ಎಂಬಲ್ಲಿಗೆ ಮುಗಿಯುತ್ತಿತ್ತು. ಈಗ ನಾನು ವಾರವಿಡೀ ನಕಾಶೆಗಳನ್ನು ಅಧ್ಯಯನ ಮಾಡಿ, ಯಾವ ಬೆಟ್ಟವನ್ನು ಕೇಬಲ್ ಕಾರಿನಲ್ಲಿ ಏರಿ ಕಾಲ್ನಡಿಗೆಯಲ್ಲಿ ಇಳಿಯಬಹುದು, ಯಾವ ಜಲಪಾತ ರೈಲು ನಿಲ್ದಾಣದ ಬೆನ್ನಿಗೇ ಇದೆ ಎಂದು ಹರಿಕಥೆ ಮಾಡುತ್ತಿದ್ದೆ. ಸುಮಾಳ ಪ್ರಶ್ನೆ ಒಂದೇ: ಅಲ್ಲಿ ಕೂತು ಮೊಸರನ್ನ ತಿನ್ನಲು ಬೆಂಚು ಇದೆಯೇ? ನಾನೋ ಜಲಪಾತಗಳಿಗಾಗಿ ಮಳೆ ಬೀಳುವ ವಾರವನ್ನೇ ಹುಡುಕಿ ಆರಿಸಿದ್ದೆ. ಮೈಸೂರಿನ ಶಾಲೆಯಿಂದ ಬೇಸಿಗೆಯಲ್ಲಿ ನಮ್ಮನ್ನು ಜೋಗಕ್ಕೆ ಕರೆದೊಯ್ದ ಮೇಷ್ಟರು, ಬಂಡೆಯ ಮೇಲಿನ ಒದ್ದೆ ಗೆರೆಗಳನ್ನು ತೋರಿಸಿ "ಮಿಕ್ಕಿದ್ದನ್ನ ಊಹೆ ಮಾಡ್ಕೊಳ್ಳಿ" ಎಂದಿದ್ದ ಗಾಯ ಇನ್ನೂ ಮಾಸಿರಲಿಲ್ಲ. "ಅಪ್ಪಾ, ಇಟ್ಸ್ ಸ್ನೋ," ಎಂದು ಅನಘಾ ತಿದ್ದಿದಳು. ಅಲ್ಲಿ ಬಿಸಿಲು ಕಾದಷ್ಟೂ ಹಿಮ ಕರಗಿ ನೀರು ಹೆಚ್ಚುತ್ತದಂತೆ. ನಾನು ಆರಿಸುತ್ತಿದ್ದ ದಾರಿಗಳೆಲ್ಲದರ ಮುಂದೆಯೂ 'ಸುಲಭ, ಕುಟುಂಬಗಳಿಗೆ ಸೂಕ್ತ' ಎಂದು ಬರೆದಿರುತ್ತಿತ್ತು.

ದಾರಿ ಸೂಕ್ತವಾಗಿತ್ತು, ಕುಟುಂಬ ಒದಗಬೇಕಿತ್ತು. ಮೇ ತಿಂಗಳ ಒಂದು ಭಾನುವಾರ, ಅನಘಾ ಓದಿನ ಭಾಗವಾಗಿ ಮಾಡಲೇಬೇಕಾದ ತರಬೇತಿ ಜುಲೈನಲ್ಲೇ ಬಿದ್ದಿದೆಯೆಂದು ಗೊತ್ತಾಯಿತು. ಅದೇ ಕರೆಯಲ್ಲಿ ಸುಮಾ ತನಗೂ ಅಷ್ಟು ದಿನದ ರಜೆ ಸಿಗುವುದಿಲ್ಲವೆಂದಳು. "ಪರವಾಗಿಲ್ಲ, ನನಗೂ ಆಫೀಸಲ್ಲಿ ಸಿಕ್ಕಾಪಟ್ಟೆ ಕೆಲಸ ಇದೆ," ಎಂದು ನಾನು ಧಾರಾಳವಾಗಿ ಸುಳ್ಳು ಹೇಳಿದೆ. ಮುಂದಿನ ಭಾನುವಾರ ಊಟ ಆಯ್ತಾ ಎಂದು ಕೇಳಿದರು, ಆಯ್ತು ಎಂದೆ. ಫೋನು ಕೆಳಗಿಟ್ಟ ಮೇಲೆ ನನಗೆ ಭಯವಾಯಿತು. ಆಲ್ಪ್ಸ್ ಎಲ್ಲಿಗೂ ಓಡಿಹೋಗುವುದಿಲ್ಲ. ನಾವು ಮೂವರು ಹೀಗೇ ಒಬ್ಬರಿಗೊಬ್ಬರು ಅಭ್ಯಾಸ ತಪ್ಪಿಹೋಗುತ್ತೇವೇನೋ ಎಂಬುದೇ ಆ ಭಯ. ಬೂಟನ್ನು ಮಾತ್ರ ಬಿಡಲಿಲ್ಲ. ಸಂಜೆಯಾದರೆ ಆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ, ಅದಕ್ಕೇ ನಡೆಯುತ್ತಿದ್ದೆ.

ಮಂಜೂರಾದ ರಜೆ ಇತ್ತಲ್ಲ, ಜುಲೈನಲ್ಲಿ ಪರ್ತ್‌ಗೆ ಹೊರಟೆ. ಚಟ್ನಿಪುಡಿ, ಹುಳಿಪುಡಿಗಳಿಂದ ಪೆಟ್ಟಿಗೆ ತೂಕ ಮೀರುವಂತಿದ್ದುದರಿಂದ, ಎಲ್ಲ ಬುದ್ಧಿವಂತ ಭಾರತೀಯರಂತೆ ನಾನೂ ಬೂಟನ್ನು ಕಾಲಿಗೇ ಹಾಕಿಕೊಂಡು ವಿಮಾನ ಹತ್ತಿದೆ. ಕ್ಯಾನಿಂಗ್ಟನ್ನಿನ ಫ್ಲ್ಯಾಟಿನ ಬಾಗಿಲಲ್ಲಿ ಅದನ್ನು ಬಿಚ್ಚಲು ಬಗ್ಗಿದಾಗ, ಪಕ್ಕದಲ್ಲೇ ಸುಮಾಳ ಜೊತೆ ಕಂಡಿತು. ಮಣ್ಣು ಮೆತ್ತಿತ್ತು. ಎತ್ತಿ ನೋಡಿದರೆ, ಅವಳ ನಡಿಗೆಯಂತೆಯೇ ಹಿಮ್ಮಡಿ ಎಡಕ್ಕೆ ಸವೆದು, ಅಟ್ಟೆಯ ಹಲ್ಲುಗಳೇ ಅಳಿಸಿಹೋಗಿದ್ದವು.

"ಇಷ್ಟೊಂದು ಎಲ್ಲಿ ನಡೆದೆ?" ಎಂದೆ.

"ನದಿ ಪಕ್ಕ, ದಿನಾ. ಆಫೀಸಿಂದ ಬಂದು ಒಬ್ಬಳೇ ಮನೇಲಿ ಕೂತು ಏನ್ ಮಾಡ್ಲಿ ಹೇಳಿ."

"ಫೋನಲ್ಲಿ ಹೇಳ್ಲೇ ಇಲ್ವಲ್ಲ."

ಅವಳು ನನ್ನ ಬೂಟನ್ನು ತಿರುಗಿಸಿ, ಅದರ ಅಡಿಯನ್ನು ಸ್ವಲ್ಪ ಹೊತ್ತು ನೋಡಿದಳು. "ನೀವೂ ಹೇಳ್ಲಿಲ್ವಲ್ರೀ," ಎಂದಳು.

ಮರುದಿನ ಭಾನುವಾರ. ಹಾಲು, ಕೊತ್ತಂಬರಿಸೊಪ್ಪು ತರಲೆಂದು ಇಬ್ಬರೂ ಅದೇ ಬೂಟುಗಳಲ್ಲಿ ಕ್ಯಾನಿಂಗ್ಟನ್ನಿನ ದೊಡ್ಡ ಮಾಲ್‌ಗೆ ಹೋಗಿ, ಎಸ್ಕಲೇಟರಿನಲ್ಲಿ ಶಿಖರ ತಲುಪಿದೆವು. ಅಷ್ಟರಲ್ಲಿ ಅನಘಾಳ ಕರೆ ಬಂತು. ಸುಮಾ ಫೋನನ್ನು ನಮ್ಮ ಕಾಲುಗಳ ಕಡೆ ತಿರುಗಿಸಿದಳು. ಮಗಳು ಬಿದ್ದು ಬಿದ್ದು ನಕ್ಕಳು, "ಯು ಟೂ ಆರ್ ಸೋ ಎಂಬ್ಯಾರಸಿಂಗ್" ಎಂದಳು. ಆಮೇಲೆ ನಗು ನಿಂತಿತು. ನಮ್ಮೊಡನೆ ಸದಾ ಇಂಗ್ಲಿಷಿನಲ್ಲೇ ಮಾತಾಡುವವಳು, ತಡವರಿಸುತ್ತ ಕನ್ನಡದಲ್ಲಿ ಕೇಳಿದಳು: "ಅಪ್ಪಾ, ನನ್ನ ಹತ್ರ ಯಾವಾಗ ಬರ್ತೀರಾ?"

ಬ್ರಿಸ್ಬೇನಿಗೆ ಮರಳುವ ಟಿಕೆಟ್ಟನ್ನು ಅಲ್ಲೇ ನಿಂತು ಅಡಿಲೇಡಿನ ಮೂಲಕ ಹೋಗುವಂತೆ ಬದಲಾಯಿಸಿದೆ. ಸುಮಾ ಎರಡು ದಿನದ ರಜೆ ಕೇಳಿದಳು, ಅಷ್ಟು ಸಿಕ್ಕಿತು. ಮಾಸನ್ ಲೇಕ್ಸ್‌ನಲ್ಲೂ ಒಂದು ಕೆರೆಯಿದೆ, ಸುತ್ತ ಸಮತಟ್ಟಾದ ದಾರಿ, ಕೂತು ಮೊಸರನ್ನ ತಿನ್ನಲು ಬೆಂಚು. ಮೂವರೂ ಬೂಟು ಹಾಕಿಕೊಂಡು ಎರಡು ಸುತ್ತು ಬಂದೆವು. ಅನಘಾಳದ್ದು ಇನ್ನೂ ಹೊಸದು, ಕಚ್ಚುತ್ತಿತ್ತು. ಅವಳು ಅಮ್ಮನ ತೋಳು ಹಿಡಿದು ಕುಂಟುತ್ತ ನಡೆದಳು.