ಎಡದ್ದೋ, ಬಲದ್ದೋ

ಕರಿಬಸಣ್ಣ, ನಿಮ್ಮ ಬಲದೆತ್ತು ಬೆದರುವ ಎತ್ತಾಗಿರಲಿಲ್ಲ. ಅದು ಬೆದರಿ ಗಾಡಿ ಕೆಡವಿತು ಎಂದು ನಾನು ಹೇಳಿದ್ದು ಸುಳ್ಳು. ನಲವತ್ತು ವರ್ಷಕ್ಕೂ ಮಿಕ್ಕಿ ಆ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಿಮ್ಮ ಮನೆಯಲ್ಲಿ ಕಾಫಿ ಕುಡಿದಿದ್ದೇನೆ, ಹಬ್ಬದೂಟ ಉಂಡಿದ್ದೇನೆ — ನಾಚಿಕೆಗೆಟ್ಟವನು.

ಎಪ್ಪತ್ತರ ದಶಕದ ಕೊನೆ. ನನಗಾಗ ಇಪ್ಪತ್ತೆರಡು. ನ್ಯಾಮತಿಯ ಅಡಿಕೆ ಸಾಹುಕಾರರು ಮಿಲಿಟರಿ ಹರಾಜಿನಲ್ಲಿ ಹಿಡಿದ ಜೀಪನ್ನು ನನ್ನ ಕೈಗೆ ಕೊಟ್ಟಿದ್ದರು. ಕೊಟ್ಟದ್ದು ಓಡಿಸುವುದಕ್ಕೆ, ನಾನು ನನ್ನಪ್ಪನ ಆಸ್ತಿ ಎಂಬಂತೆ ಮೆರೆದೆ. ಗೇರ್ ಪಕ್ಕದಲ್ಲಿ ಇನ್ನೊಂದು ಗಿಡ್ಡ ಲಿವರ್ ಇತ್ತಲ್ಲ, ಫೋರ್ ವೀಲಿನದು — ಅದನ್ನು ಎಳೆದರೆ ಕೆಸರು ಗದ್ದೆಯಾದರೇನು, ಹಳ್ಳದ ಮರಳಾದರೇನು, ನಾಲ್ಕೂ ಚಕ್ರ ನೆಲ ಕಚ್ಚಿಕೊಂಡು ಹತ್ತುತ್ತಿತ್ತು. ಹೋಟೆಲಿನ ಮುಂದೆ ನಿಂತವರು "ಹಾಲೇಶ ಬಂದ ನೋಡ್ರೋ" ಎನ್ನುತ್ತಿದ್ದರು. ಅಬ್ಬಾ, ಆ ಒಂದು ಮಾತಿಗೆ ಎಷ್ಟು ಉಬ್ಬುತ್ತಿದ್ದೆ! ಸಾಲದ್ದಕ್ಕೆ ಶಿವಮೊಗ್ಗಕ್ಕೆ ಹೋಗಿ ಲಾರಿಯ ಹಾರ್ನನ್ನೂ ಹಾಕಿಸಿಕೊಂಡು ಬಂದಿದ್ದೆ.

ಅವತ್ತು ಮಧ್ಯಾಹ್ನ ಗೋವಿನಕೋವಿ ಕಡೆ ಹೊರಟಿದ್ದೆ. ಇಳಿಜಾರಿನಲ್ಲಿ ನಿಮ್ಮ ಗಾಡಿ ಕಂಡಿತು. ನ್ಯಾಮತಿಯಲ್ಲಿ ಶೇಂಗಾ ಮಾರಿ ಬಂದ ನೀವು ಖಾಲಿ ಚೀಲಗಳ ಮೇಲೆ ಮಲಗಿ ನಿದ್ದೆ ಹೋಗಿದ್ದಿರಿ. ಎತ್ತುಗಳು ತಮ್ಮಷ್ಟಕ್ಕೆ ಮನೆಯ ದಾರಿ ಹಿಡಿದಿದ್ದವು. ಜೀಪನ್ನು ಪಕ್ಕದ ಹೊಲಕ್ಕೆ ಇಳಿಸಿ ಮುಂದೆ ಹೋಗಬಹುದಿತ್ತು — ನನ್ನ ಫೋರ್ ವೀಲ್ ಇದ್ದದ್ದೇ ಅದಕ್ಕಲ್ಲವೇ? ಹೋಗಲಿಲ್ಲ. ನೀವು ಧಡಕ್ಕನೆ ಎದ್ದು ಕೂರುವುದನ್ನು ನೋಡಿ ನಗಬೇಕಿತ್ತು ನನಗೆ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ. ಇಂಜಿನ್ ಆಫ್ ಮಾಡಿ, ಸದ್ದಿಲ್ಲದೆ ಉರುಳಿಸಿಕೊಂಡು ಬಂದು, ಗಾಡಿಯ ಹಿಂದೆಯೇ ಹಾರ್ನ್ ಒತ್ತಿದೆ.

ಎರಡೂ ಎತ್ತು ಒಟ್ಟಿಗೆ ಹಾರಿದವು. ಗಾಡಿ ರಸ್ತೆ ಪಕ್ಕದ ಗುಂಡಿಗೆ ಮಗುಚಿಕೊಂಡಿತು, ನಿಮ್ಮ ಕಾಲು ಅದರ ಅಡಿಗೆ ಸಿಕ್ಕಿತು. ನೀವು ಕೂಗಿದ ಕೂಗು... ಬೇಡ, ಅದನ್ನು ಬರೆಯಲಾರೆ.

ಹೊಲದಲ್ಲಿದ್ದವರು ಓಡಿಬಂದರು. ಅವರ ಜೊತೆ ಸೇರಿ ನಿಮ್ಮನ್ನು ಎತ್ತಿ ಜೀಪಿನಲ್ಲಿ ಮಲಗಿಸಿ ಹೊನ್ನಾಳಿ ಆಸ್ಪತ್ರೆಗೆ ಓಡಿಸಿದೆ. ದಾರಿಯಲ್ಲಿ, ಆ ನೋವಿನಲ್ಲೂ ಕೇಳಿದಿರಿ — "ಏನಾತೋ ತಮ್ಮ? ಏನೋ ಸದ್ದಾದಂಗಾತು."

"ಎತ್ತು ಬೆದರಿದ್ವು ಅಣ್ಣ. ನಿಮ್ಮನ್ನ ಎಬ್ಬಿಸಾಕೆ ಅಂತ ನಾನೇ ಹಾರ್ನ್ ಹೊಡೆದೆ."

ಎಷ್ಟು ಸಲೀಸಾಗಿ ಬಂತು ನೋಡಿ! ಅಷ್ಟಕ್ಕೇ ಮುಗಿದಿದ್ದರೂ ಆಗುತ್ತಿತ್ತೇನೋ. ಆದರೆ ನೀವು ಒಕ್ಕಲುತನದವರು, ಅಷ್ಟಕ್ಕೇ ಬಿಡಲಿಲ್ಲ.

"ಯಾವ್ದು ಬೆದರಿದ್ದು? ಎಡದ್ದೋ, ಬಲದ್ದೋ?"

ನನಗೆ ನಿಮ್ಮ ಎತ್ತುಗಳ ಗುರುತೇ ಇರಲಿಲ್ಲ. "ಬಲದ್ದು" ಎಂದುಬಿಟ್ಟೆ. ಯಾಕೆ ಬಲದ್ದು? ಬಾಯಿಗೆ ಬಂತು, ಅಂದೆ.

ಕಾಲು ಕೂಡಿಕೊಂಡಿತು, ಆದರೆ ಸೊಟ್ಟಗೆ. ನೀವು ಮಾತ್ರ ಬಂದವರಿಗೆಲ್ಲ "ಹಾಲೇಶನ ಜೀಪು ಇಲ್ದಿದ್ರೆ ನಾನು ಉಳೀತಿರಲಿಲ್ಲ" ಎನ್ನುತ್ತಿದ್ದಿರಿ. ನಾನು ತಲೆ ತಗ್ಗಿಸಿ ನಿಲ್ಲುತ್ತಿದ್ದೆ, ಜನ ಅದನ್ನು ವಿನಯವೆಂದು ತಿಳಿದರು. ಆ ಬಲದೆತ್ತು ನಿಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ ಕರು ಎಂಬುದು ಆಮೇಲೆ ತಿಳಿಯಿತು. ನಿಮ್ಮ ಹೆಂಡತಿ ಗಂಗಮ್ಮಕ್ಕ ಹಠ ಹಿಡಿದಿದ್ದರು: "ಮಕ್ಕಳು ಹತ್ತೋ ಗಾಡಿ ಅದು. ಆ ಎತ್ತು ನಮಗೆ ಬ್ಯಾಡ್ರಿ, ಕೊಟ್ಟುಬಿಡ್ರಿ."

ದನದ ಸಂತೆಗೆ ನಿಮ್ಮನ್ನು ಕರೆದೊಯ್ದವನೂ ನಾನೇ. ಕೋಲೂರಿ ನಿಂತು, ಕೇಳಿದವರಿಗೆಲ್ಲ "ಬೆದರು ಐತೆ ನೋಡ್ರಪ್ಪ" ಎಂದು ನೀವೇ ಹೇಳಿದಿರಿ. ಮುಚ್ಚಿಟ್ಟು ಮಾರುವವರಲ್ಲ ನೀವು. ಉಳುವವರು ಯಾರೂ ಹಗ್ಗ ಮುಟ್ಟಲಿಲ್ಲ. ಕೊನೆಗೆ ಕಸಾಯಿಖಾನೆಗೆ ದನ ಹಿಡಿಯುವ ದಲ್ಲಾಳಿ ಬಂದ. ಆ ಹೊತ್ತಿಗೆ ಸರಿಯಾಗಿ ರಸ್ತೆಯಲ್ಲಿ ಒಂದು ಲಾರಿ ಕಿವಿ ಹರಿಯುವಂತೆ ಹಾರ್ನ್ ಹೊಡೆಯಿತು. ಎತ್ತು ಒಮ್ಮೆ ಕಿವಿ ಆಡಿಸಿತು, ಮೆಲುಕು ಹಾಕುತ್ತಾ ನಿಂತೇ ಇತ್ತು. ನೀವು ತಟ್ಟನೆ ನನ್ನ ಕಡೆ ತಿರುಗಿದಿರಿ.

"ಹಾಲೇಶ, ಬೆದರಲಿಲ್ಲ ನೋಡೋ! ಬಲದ್ದೇ ಹೌದಾ ನೀನು ನೋಡಿದ್ದು?"

ಒಂದು ಮಾತು ಸಾಕಿತ್ತು. ಎತ್ತು ನಿಮ್ಮ ಜೊತೆ ಮನೆಗೆ ವಾಪಸ್ ಬರುತ್ತಿತ್ತು. ನನ್ನ ಕೈಯಿಂದ ಜೀಪು ಹೋಗುತ್ತಿತ್ತು, ನಾಲ್ಕು ಜನ ಉಗಿಯುತ್ತಿದ್ದರು — ಅಷ್ಟೇ ತಾನೆ?

"ಒಂದೊಂದ್ಸಲ ಹಂಗೆ ಅಣ್ಣ. ಅವು ಒಂದೇ ನಮೂನೆ ಇರಲ್ಲ" ಎಂದೆ.

ನೀವು ಹಗ್ಗ ಬಿಟ್ಟುಕೊಟ್ಟಿರಿ.

ಅಲ್ಲಿಯವರೆಗೆ ಸುತ್ತಲ ಊರಿನವರು ಎತ್ತು ಕೊಳ್ಳುವಾಗ ನಿಮ್ಮನ್ನೇ ಕರೆದೊಯ್ಯುತ್ತಿದ್ದರು. ನೀವು ಬೆನ್ನು ಸವರಿ ಹೂಂ ಅಂದರೆ ವ್ಯಾಪಾರ ಮುಗಿದಂತೆ. ಆಮೇಲೆ ಯಾರು ಕರೆದರೂ ಹೋಗಲಿಲ್ಲ. ಹೋದ ತಿಂಗಳು ಕೂಡ, ನನ್ನೆದುರಿಗೇ ಮೊಮ್ಮಗನಿಗೆ ಹೇಳಿದಿರಿ: "ಮನ್ಯಾಗೆ ಹುಟ್ಟಿದ್ದನ್ನೇ ಗುರ್ತು ಹಿಡಿಯಾಕೆ ಆಗ್ಲಿಲ್ಲ ಕಣೋ. ನನ್ನ ಕಣ್ಣು ಮೋಸ ಹೋತು." ನಾನು ಲೋಟ ಕೆಳಗಿಟ್ಟು ಎದ್ದು ಬಂದೆ. ನಿಮ್ಮ ಕಾಲನ್ನು ಮುರಿದದ್ದು, ಎತ್ತನ್ನು ಸಾವಿಗೆ ಕಳಿಸಿದ್ದು ಎರಡೂ ನನಗೆ ಗೊತ್ತಿತ್ತು, ಇದೊಂದು ಗೊತ್ತಿರಲಿಲ್ಲ. ಎಂಬತ್ತು ದಾಟಿದ ಮನುಷ್ಯ ಇನ್ನೂ ತನ್ನನ್ನೇ ಬೈದುಕೊಳ್ಳುತ್ತಿದ್ದಾರೆ — ನನ್ನಿಂದ.

ಇದನ್ನು ಬರೆದದ್ದು, ಎದುರು ನಿಂತಾಗ ನಾಲಿಗೆ ಮತ್ತೆ ಹೊರಳಿಬಿಟ್ಟೀತೆಂಬ ಹೆದರಿಕೆಗೆ. ನಾಳೆ ಬೆಳಿಗ್ಗೆ ಬರುತ್ತೇನೆ. ಗಂಗಮ್ಮಕ್ಕ, ಮಕ್ಕಳು, ಮೊಮ್ಮಗ ಎಲ್ಲರೂ ಇರುವಾಗಲೇ ಓದುತ್ತೇನೆ. ಕ್ಷಮಿಸಿ ಎನ್ನುವ ಮುಖ ನನಗಿಲ್ಲ, ಇನ್ನು ಹೊಸಿಲು ತುಳಿಯಬೇಡ ಎಂದರೆ ತುಳಿಯುವುದಿಲ್ಲ. ನಿಮ್ಮ ಕಣ್ಣು ಮೋಸ ಹೋಗಿರಲಿಲ್ಲ, ಅಣ್ಣ.