ಮುತ್ತಿಯ ಜಾವಳ

ಅಫಜಲಪುರದಲ್ಲಿ ಟ್ರಂಕ್ ಕಾಲ್ ಜೋಡಿಸುವ ಕೆಲಸದಲ್ಲಿದ್ದಾಗ ನಾನು ಗಂಗಮ್ಮನವರ ಮನೆಯಲ್ಲಿ ಬಾಡಿಗೆಗಿದ್ದೆ. ಅವರನ್ನು ಅಕ್ಕಾ ಅನ್ನುತ್ತಿದ್ದೆ. ಮಕ್ಕಳಿಲ್ಲದ ಅವರು ಸೊಲ್ಲಾಪುರದಿಂದ ತಂದ ಬಿಳಿ ಪೊಮೆರೇನಿಯನ್ ನಾಯಿಮರಿಯನ್ನು ಮಗಳ ಹಾಗೆ ಸಾಕಿದ್ದರು. ಹೆಸರು ಮುತ್ತಿ. ಬೇಸಿಗೆ ಬರುವಷ್ಟರಲ್ಲಿ ಅದರ ಉದ್ದ ಕೂದಲಿಗೆ ಮುಳ್ಳು, ಕಸ ಸಿಕ್ಕಿ ಗಂಟುಗಟ್ಟಿತ್ತು.

ಒಂದು ರವಿವಾರ ಕೊಬ್ಬರಿ ಎಣ್ಣೆ ಹಚ್ಚಿ ಬಾಚಿದೆವು. ಕಿವಿಯ ಹಿಂದಿನ ಗಂಟು ಮಾತ್ರ ಬಿಡಲಿಲ್ಲ. ನಾನು ಕತ್ತರಿ ಎತ್ತಿದೆ. ಅಕ್ಕ ಕೈ ಹಿಡಿದರು.

"ತಡೀರಿ. ಹುಟ್ಟುಗೂದಲ ಅದು. ಜಾವಳ ಅಂದ್ರ ಸೋದರಮಾವನ ತೊಡಿ ಮ್ಯಾಲ ಕುಂದ್ರಿಸೇ ತೆಗೀಬೇಕು."

"ನಾಯಿಗಿ ಸೋದರಮಾವನ್ನ ಎಲ್ಲಿಂದ ತರೋಣ್ರಿ ಅಕ್ಕಾ?"

"ದಿನಾ ನನಗ ಅಕ್ಕಾ ಅಂತೀರಲ್ಲ, ಮತ್ತ ನೀವ್ಯಾರು?"

ಕತ್ತರಿಯನ್ನು ಅವರ ಕೈಗೆ ಕೊಟ್ಟು ಚಾಪೆಯ ಮೇಲೆ ಕುಳಿತೆ. ಅಕ್ಕ ಕತ್ತರಿಸಿದರು. ಮುತ್ತಿ ನನ್ನ ತೊಡೆಯ ಮೇಲೆ ಅಲ್ಲಾಡದೆ ಕೂತಿತ್ತು. ಮುಗಿದ ಮೇಲೂ ಅಕ್ಕ ಏಳಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ಮಾವನಾದವನು ಹೊಸ ಬಟ್ಟೆ ಕೊಡಬೇಕಲ್ಲ. ಪೆಟ್ಟಿಗೆಯಲ್ಲಿದ್ದ ಹೊಸ ಕರವಸ್ತ್ರ ತಂದು ಮುತ್ತಿಯ ಕೊರಳಿಗೆ ಕಟ್ಟಿದೆ.

ಮುಂದೆ ನನ್ನ ಸ್ವಂತ ತಂಗಿ ತನ್ನ ಮಗನ ಜಾವಳಕ್ಕೆ ಕರೆದಾಗ, ಹೇಗೂ ಅನುಭವ ಇದೆ ಅಂತ ಧೈರ್ಯವಾಗಿ ಹೋಗಿ ತೊಡೆ ಕೊಟ್ಟೆ. ಆ ಹುಡುಗ ಕಚ್ಚಿದ.